ಲಾಲ್‌ಬಾಗಿನ ಸಂದರ್ಶನ

ಬೇಲೂರು ಹಳೇಬೀಡುಗಳ ನೆರೆಯಲ್ಲಿ ಬೆಳೆದ ನಮ್ಮ ವಿದ್ಯಾರ್ಥಿನಿಯರಿಗೆ ಕಲ್ಲಿನಲ್ಲಿ ಕಡೆದ ಬಳ್ಳಿಗಳು ಹೊಸತಲ್ಲ. ಆ ಬಳ್ಳಿಗಳಿಗೆ ನೀರೆರೆಯುವವರು ಬೇಕಿಲ್ಲ. ಜೀವವುಳ್ಳ ಗಿಡದ ಸಂಗತಿಯಾದರೋ ಬೇರೆ. ಮಳೆ ತಪ್ಪಿದ ವರ್ಷಗಳಲ್ಲಿ ಅರಸೀಕೆರೆಯ ಸೀಮೆಯ ತೆಂಗಿನ ತೋಟಗಳು ಒಣಗಿದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಾಗಿರುವಲ್ಲಿ ಎರಡೂವರೆ ಶತಮಾನಗಳನ್ನು ಮೀರಿದ ತೋಟವೊಂದು ಇಂದಿಗೂ ಹಸುರಾಗಿರುವುದು ಹೇಗೆ? ಇದನ್ನು ತಿಳಿಯಬಯಸುವವರು ಅರಸೀಕೆರೆಯಲ್ಲಿ ರೈಲನ್ನೇರಿ ಬೆಂಗಳೂರಿನ ಲಾಲ್‌ಬಾಗನ್ನು ನೋಡಿ ಬರತಕ್ಕದ್ದು.

ಈ ತೋಟವನ್ನು 1760ರಲ್ಲಿ ಹೈದರಾಲಿಯು ಹಾಕಿಸಿದನು. ಆತನ ಮಗನಾದ ಟಿಪ್ಪು ಸುಲ್ತಾನನು ದೂರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ಅದನ್ನು ವೃದ್ಧಿಗೊಳಿಸಿದನು. 1799ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಯಿತು. ಆದರೂ ತೋಟದ ಆರೈಕೆಯು ನಿಲ್ಲಲಿಲ್ಲ. 1856ರಲ್ಲಿ ಅದು ಸರ್ಕಾರದ ಸಸ್ಯಶಾಸ್ತ್ರೀಯ ತೋಟವೆನಿಸಿತು. 1874ರಲ್ಲಿ ಮೇಲ್ವಿಚಾರಕರಾಗಿ ಬಂದ ಜಾನ್ ಕ್ಯಾಮೆರಾನರು ಪರದೇಶದ ಅನೇಕ ಸಸ್ಯಗಳನ್ನು ಇಲ್ಲಿ ನೆಲೆಗೊಳಿಸಿದರು. ನಮ್ಮ ಅಡಿಗೆಮನೆಯ ಸೀಮೆಬದನೆಯು ಅವರ ಕಾಲದಲ್ಲಿ ಬಂದುದೇ. ಪ್ರಸಿದ್ಧವಾದ ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರವಾಯಿತು. ಅನಂತರ ಜರ್ಮನಿಯ ಕ್ರುಂಬಿಗಲ್ಲರೂ, ಅವರ ತರುವಾಯ ನಮ್ಮ ನಾಡಿನವರೇ ಆದ ಎಚ್. ಸಿ. ಜವರಾಯರೂ ಎಂ. ಎಚ್. ಮರಿಗೌಡರೂ ಈ ಹೊಣೆಯನ್ನು ಹೊತ್ತರು.

ಹೆಬ್ಬಾಗಿಲನ್ನು ದಾಟಿ ಒಳನಡೆದಂತೆ ವಾಹನಗಳ ಗದ್ದಲವು ಮೆಲ್ಲಮೆಲ್ಲನೆ ಹಿಂದೆ ಸರಿಯುವುದು. 240 ಎಕರೆಗಳ ಈ ತೋಟದಲ್ಲಿ ನೆರಳೂ ಕೆರೆಯೂ ಉಂಟು. ಸುಮಾರು 300 ಕೋಟಿ ವರ್ಷಗಳಷ್ಟು ಪುರಾತನವಾದ ಬಂಡೆಯೂ ಉಂಟು. ಆ ಬಂಡೆಯ ಮೇಲಿನ ಕೆಂಪೇಗೌಡರ ಗೋಪುರದ ಬಳಿ ನಿಂತು ನೋಡಿದರೆ ಮರಗಳ ತಲೆಗಳಾಚೆ ಮಹಾನಗರವು ಕಾಣುವುದು.

ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರವು 1311ರಲ್ಲಿ ದೆಹಲಿಯ ಸೈನ್ಯದ ದಾಳಿಗೆ ಗುರಿಯಾಗಿ, ಕಾಲಕ್ರಮದಲ್ಲಿ ಹಾಳುಬಿದ್ದು, ಹಳೇಬೀಡೆನಿಸಿತು. ಕಲ್ಲು ಉಳಿಯಿತು, ನಗರವು ಉಳಿಯಲಿಲ್ಲ. ಲಾಲ್‌ಬಾಗಿನಲ್ಲಿಯೂ ದೊರೆಗಳು ಬದಲಾದರು. ಆದರೆ ಬಂದವರು ಹಿಂದಿನವರು ನೆಟ್ಟುದನ್ನು ಕಿತ್ತೆಸೆಯದೆ ಅದಕ್ಕೆ ತಮ್ಮದನ್ನೂ ಸೇರಿಸಿದರು. ಹೆಸರು ಉಳಿಯದ ಎಷ್ಟೋ ಮಂದಿ ಮಾಲಿಗಳು ದಿನದಿನವೂ ನೀರೆರೆದರು. ತೋಟವು ಬದುಕಿದುದು ಇದರಿಂದಲೇ.

ದೇವರು ಆದಿಮಾನವನಿಗೆ ವಹಿಸಿದ ಮೊದಲ ಕಾರ್ಯವು ತೋಟದ ಪಾಲನೆಯೇ ಎಂದು ಸತ್ಯವೇದದಲ್ಲಿ ಓದುತ್ತೇವೆ. ಆದಕಾರಣ ಬಾಲೆಯರೇ, ಅಲ್ಲಿಗೆ ಹೋದಾಗ ಹೂವನ್ನು ಕೀಳದಿರಿ; ಮರದ ತೊಗಟೆಯಲ್ಲಿ ಹೆಸರನ್ನು ಕೊರೆಯದಿರಿ. ಹಿಂತಿರುಗಿದ ಮೇಲೆ, ನಿಮಗಿಂತ ಮೊದಲು ಇಲ್ಲಿ ಓದಿದವರು ಶಾಲೆಯ ಅಂಗಳದಲ್ಲಿ ನೆಟ್ಟುಹೋದ ಗಿಡಕ್ಕೆ ಒಂದು ಕೊಡ ನೀರನ್ನು ಹೊಯ್ಯಿರಿ.