ಕುಕ್ ಮತ್ತು ಕಾರ್ಪ್ ರಿಡಕ್ಷನ್‌ಗಳು

ಗಣಕ ವಿಜ್ಞಾನದ ಸಂಕೀರ್ಣತಾ ಸಿದ್ಧಾಂತದಲ್ಲಿ ಒಂದು ಸಮಸ್ಯೆಯನ್ನು ಇನ್ನೊಂದರ ನೆರವಿನಿಂದ ಬಿಡಿಸುವ ಕ್ರಮವನ್ನು ರಿಡಕ್ಷನ್ ಎನ್ನುತ್ತಾರೆ. ಮೊದಲ ಸಮಸ್ಯೆಯಿಂದ ಎರಡನೆಯದಕ್ಕೆ ರಿಡಕ್ಷನ್ ಇದ್ದರೆ, ಎರಡನೆಯದಕ್ಕೆ ದೊರೆತ ವೇಗದ ಕ್ರಮಾವಳಿಯಿಂದ ಮೊದಲನೆಯದನ್ನೂ ವೇಗವಾಗಿ ಬಿಡಿಸಬಹುದು. ಇದರ ಎರಡು ಮುಖ್ಯ ಬಗೆಗಳು ಕಾರ್ಪ್ ಮತ್ತು ಕುಕ್ ರಿಡಕ್ಷನ್‌ಗಳು. ಎರಡೂ ಬಹುಪದೋಕ್ತಿ ಕಾಲದಲ್ಲಿ ಮುಗಿಯಬೇಕು.

ಕಾರ್ಪ್ ರಿಡಕ್ಷನ್

ಇದರಲ್ಲಿ ಮೊದಲ ಸಮಸ್ಯೆಯ ಪ್ರತಿಯೊಂದು ಆದಾನವನ್ನೂ ಎರಡನೆಯದರ ಒಂದು ಆದಾನವನ್ನಾಗಿ ಪರಿವರ್ತಿಸಲಾಗುತ್ತದೆ. ಎರಡಕ್ಕೂ 'ಹೌದು' ಅಥವಾ 'ಇಲ್ಲ' ಎಂಬ ಉತ್ತರ ಒಂದೇ ಆಗಿರಬೇಕು. ಉದಾಹರಣೆಗೆ, ಒಂದು ಗ್ರಾಫ್‌ನಲ್ಲಿ ಪರಸ್ಪರ ಜೋಡಣೆಗೊಂಡ ಹತ್ತು ಬಿಂದುಗಳಿವೆಯೇ ಎಂದು ತಿಳಿಯಬೇಕಾಗಿದೆ ಎನ್ನೋಣ. ಇರುವ ರೇಖೆಗಳನ್ನು ಅಳಿಸಿ, ಇಲ್ಲದ ಕಡೆಗಳಲ್ಲಿ ರೇಖೆ ಎಳೆದರೆ, ಯಾವ ಎರಡರ ನಡುವೆಯೂ ರೇಖೆಯಿಲ್ಲದ ಹತ್ತು ಬಿಂದುಗಳನ್ನು ಹುಡುಕಿದರೆ ಸಾಕು. 1972ರಲ್ಲಿ ರಿಚರ್ಡ್ ಕಾರ್ಪ್ ಇಂತಹ ಪರಿವರ್ತನೆಗಳಿಂದ 21 ಸಮಸ್ಯೆಗಳು ಎನ್‌ಪಿ-ಸಂಪೂರ್ಣವೆಂದು ತೋರಿಸಿದರು.

ಕುಕ್ ರಿಡಕ್ಷನ್

ಇಲ್ಲಿ ಎರಡನೆಯ ಸಮಸ್ಯೆಗೆ ತಕ್ಷಣ ಉತ್ತರ ಕೊಡುವ 'ಒರಾಕಲ್' ಎಂಬ ಕಾಲ್ಪನಿಕ ಸಾಧನವಿದೆ ಎಂದು ಭಾವಿಸಲಾಗುತ್ತದೆ. ಇದು 1939ರಲ್ಲಿ ಅಲನ್ ಟ್ಯೂರಿಂಗ್ ಮಂಡಿಸಿದ ಪರಿಕಲ್ಪನೆ. ಕ್ರಮಾವಳಿಯು ಅದನ್ನು ಹಲವು ಬಾರಿ ಪ್ರಶ್ನಿಸಬಹುದು. ಬಂದ ಉತ್ತರವನ್ನು ತಿರುಗಿಸಲೂಬಹುದು. ಸ್ಟೀಫನ್ ಕುಕ್ 1971ರ ತಮ್ಮ ಪ್ರಬಂಧದಲ್ಲಿ ಈ ಬಗೆಯನ್ನು ಬಳಸಿದರು. ಒಂದೇ ಪ್ರಶ್ನೆ ಕೇಳಿ, ಉತ್ತರವನ್ನು ಬದಲಿಸದೆ ಒಪ್ಪಿಸುವ ಕುಕ್ ರಿಡಕ್ಷನ್ನೇ ಕಾರ್ಪ್ ರಿಡಕ್ಷನ್.

ವ್ಯತ್ಯಾಸದ ಮಹತ್ವ

ಒಂದು ತರ್ಕಸೂತ್ರವು ಚರಗಳ ಯಾವುದಾದರೂ ಒಂದು ಬೆಲೆಗೆ ನಿಜವಾಗುವುದೇ ಎಂಬ ಪ್ರಶ್ನೆ ಎನ್‌ಪಿ ವರ್ಗಕ್ಕೆ ಸೇರಿದೆ. ಎಲ್ಲ ಬೆಲೆಗಳಿಗೂ ನಿಜವೇ ಎಂಬುದು ಸಹ-ಎನ್‌ಪಿ ವರ್ಗದ್ದು. ಸೂತ್ರದ ನಿಷೇಧವನ್ನು ಒರಾಕಲ್‌ಗೆ ಕೊಟ್ಟು ಉತ್ತರವನ್ನು ತಿರುಗಿಸಿದರೆ ಎರಡನೆಯ ಪ್ರಶ್ನೆ ಬಗೆಹರಿಯುತ್ತದೆ. ಆದ್ದರಿಂದ ಕುಕ್ ರಿಡಕ್ಷನ್‌ನ ದೃಷ್ಟಿಯಲ್ಲಿ ಎರಡೂ ಸಮಾನ ಕಠಿಣ. ಕಾರ್ಪ್ ರಿಡಕ್ಷನ್‌ನಲ್ಲಿ ಹೀಗೆ ತಿರುಗಿಸಲಾಗದು. ಅಲ್ಲಿ 'ಹೌದು' ಎಂಬುದು 'ಹೌದು' ಆಗಿಯೇ ಉಳಿಯುವುದರಿಂದ, ಆ ಉತ್ತರವನ್ನು ಸಮರ್ಥಿಸುವ ಚಿಕ್ಕ ಸಾಕ್ಷ್ಯವೂ ಉಳಿಯುತ್ತದೆ. ಎರಡನೆಯ ಪ್ರಶ್ನೆಯಿಂದ ಮೊದಲನೆಯದಕ್ಕೆ ಕಾರ್ಪ್ ರಿಡಕ್ಷನ್ ದೊರೆತರೆ ಎನ್‌ಪಿ ಮತ್ತು ಸಹ-ಎನ್‌ಪಿ ಒಂದೇ ಎಂದು ಸಿದ್ಧವಾಗುತ್ತದೆ. ಹೀಗಾಗಿ ಈ ವರ್ಗಗಳನ್ನು ಬೇರ್ಪಡಿಸಿ ನೋಡಲು ಕಾರ್ಪ್ ರಿಡಕ್ಷನ್ನೇ ತಕ್ಕ ಸಾಧನ.

ಬಗೆಹರಿಯದ ಪ್ರಶ್ನೆ

ಘಾತೀಯ ಕಾಲದಲ್ಲಿ ಬಿಡಿಸಬಹುದಾದ ಸಮಸ್ಯೆಗಳಲ್ಲಿ ಈ ಎರಡು ರಿಡಕ್ಷನ್‌ಗಳು ಭಿನ್ನವೆಂದು 1975ರಲ್ಲಿ ಲ್ಯಾಡ್ನರ್, ಲಿಂಚ್ ಮತ್ತು ಸೆಲ್ಮನ್ ತೋರಿಸಿದರು. ಎನ್‌ಪಿಯೊಳಗೆ ಇವು ಬೇರೆ ಬೇರೆ ಸಂಪೂರ್ಣ ಸಮಸ್ಯೆಗಳನ್ನು ಕೊಡುತ್ತವೆಯೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪಿ ಮತ್ತು ಎನ್‌ಪಿ ಒಂದೇ ಆಗಿದ್ದರೆ, ಸದಾ ಒಂದೇ ಉತ್ತರವಿರುವ ಕ್ಷುಲ್ಲಕ ಸಮಸ್ಯೆಗಳ ಹೊರತು ಇಂತಹ ಭೇದ ಇರದು. ಆದುದರಿಂದ ಅವುಗಳಾಚೆ ಭೇದವನ್ನು ಸಾಧಿಸಿದವರು ಪಿ ಮತ್ತು ಎನ್‌ಪಿ ಬೇರೆಯೆಂದೂ ಸಾಧಿಸಿದಂತಾಗುತ್ತದೆ.