ಹೊಸ ಮನೆಗಳಲ್ಲಿ ಹೀಟ್ ಪಂಪ್: ಉಳಿತಾಯದ ಲೆಕ್ಕ ಎಲ್ಲಿಂದ ಆರಂಭವಾಗಬೇಕು?

ಹೊಸದಾಗಿ ನಿರ್ಮಾಣವಾಗುವ ಮನೆ ಹಾಗೂ ವಸತಿ ಸಮುಚ್ಚಯಗಳಿಗೆ ಬಿಸಿನೀರಿನ ವ್ಯವಸ್ಥೆಯಾಗಿ ಗೀಸರ್ ಬದಲು ಹೀಟ್ ಪಂಪ್ ಅಳವಡಿಸುವ ಸಲಹೆ ಈಗ ಅಪರೂಪವಲ್ಲ. ಗ್ರಾಹಕರ ಮುಂದಿಡುವ ದರಪಟ್ಟಿಯಲ್ಲಿ ‘ಶೇ. 75ರಷ್ಟು ವಿದ್ಯುತ್ ಉಳಿತಾಯ’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಈ ಸಾಲು ಪೂರ್ತಿ ಸುಳ್ಳಲ್ಲ. ಆದರೆ ಯಾವುದರ ಶೇ. 75 ಎಂಬುದನ್ನು ಅದು ಹೇಳುವುದಿಲ್ಲ. ಹಳೆಯ ಮನೆಯಲ್ಲಾದರೆ ಹಿಂದಿನ ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಹೋಲಿಸಬಹುದು. ಹೊಸ ಮನೆಗೆ ಹಿಂದಿನ ಬಿಲ್ಲೇ ಇರುವುದಿಲ್ಲ. ಆದ್ದರಿಂದ ಉಳಿತಾಯವೆಂಬುದು ಕೇವಲ ಅಂದಾಜು. ಆ ಅಂದಾಜಿನ ಹೊಣೆ ಅದನ್ನು ಬರೆದುಕೊಟ್ಟ ವ್ಯಾಪಾರಿಯದು ಅಥವಾ ತಯಾರಕನದು.

ಯಂತ್ರದ ಕೆಲಸ

ಹೀಟ್ ಪಂಪ್ ಮೂಲತಃ ತಿರುಗುಮುರುಗಾಗಿ ಕೆಲಸ ಮಾಡುವ ಫ್ರಿಜ್. ಸುತ್ತಲಿನ ಗಾಳಿಯಲ್ಲಿರುವ ಶಾಖವನ್ನು ಶೀತಕ ದ್ರವ ಹೀರಿಕೊಂಡು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಅದರ ಉಷ್ಣತೆಯನ್ನು ಏರಿಸುತ್ತದೆ. ಆವಿ ಮತ್ತೆ ದ್ರವವಾಗುವಾಗ ಆ ಶಾಖ ನೀರಿಗೆ ಸೇರುತ್ತದೆ. ವಿದ್ಯುತ್ ಖರ್ಚಾಗುವುದು ಶಾಖವನ್ನು ಹುಟ್ಟಿಸಲು ಅಲ್ಲ, ಸಾಗಿಸಲು. ಹೀಗಾಗಿ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಅಥವಾ ನಾಲ್ಕು ಯೂನಿಟ್ ಶಾಖ ದೊರೆಯಬಹುದು. ಈ ಪ್ರಮಾಣವನ್ನೇ ವ್ಯಾಪಾರದಲ್ಲಿ ಸಿ.ಓ.ಪಿ. ಎನ್ನುತ್ತಾರೆ.

ಆದರೆ ಸಿ.ಓ.ಪಿ. ಸ್ಥಿರ ಸಂಖ್ಯೆಯಲ್ಲ. ಗಾಳಿ ತಣ್ಣಗಾದಷ್ಟೂ, ನೀರು ಹೆಚ್ಚು ಬಿಸಿಯಾಗಬೇಕಾದಷ್ಟೂ ಅದು ಇಳಿಯುತ್ತದೆ. ಮಂಗಳೂರಿನ ಬೆಚ್ಚನೆಯ ತೇವದ ಗಾಳಿಯಲ್ಲಿ ದೊರೆಯುವ ಫಲ ಮಡಿಕೇರಿಯ ಚಳಿಗಾಲದ ಮುಂಜಾವಿನಲ್ಲಿ ದೊರೆಯದು. ಪಟ್ಟಿಯಲ್ಲಿ ಮುದ್ರಿಸಿರುವ ಅಂಕಿ ನಿಗದಿತ ಪರೀಕ್ಷಾ ಸ್ಥಿತಿಯಲ್ಲಿ ಬಂದದ್ದು. ಉಳಿತಾಯದ ಲೆಕ್ಕಕ್ಕೆ ಬೇಕಾದುದು ಇಡೀ ವರ್ಷದ ಸರಾಸರಿ.

ಎರಡು ಲೆಕ್ಕಗಳು

ಉದಾಹರಣೆಗೆ, ನಾಲ್ವರಿರುವ ಹೊಸ ಮನೆಯೊಂದಕ್ಕೆ 200 ಲೀಟರ್ ತೊಟ್ಟಿಯ, 4 ಸಿ.ಓ.ಪಿ. ಎಂದು ನಮೂದಿಸಿರುವ ಹೀಟ್ ಪಂಪ್ ಸೂಚಿಸಲಾಗಿದೆ ಎಂದುಕೊಳ್ಳೋಣ. 100 ಲೀಟರ್ ನೀರಿನ ಉಷ್ಣತೆಯನ್ನು 30 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 3.5 ಯೂನಿಟ್ ಶಾಖ ಬೇಕು. ಇದು ಯಾವ ಕಂಪನಿಯ ಯಂತ್ರಕ್ಕೂ ಬದಲಾಗದ ಭೌತಶಾಸ್ತ್ರದ ಲೆಕ್ಕ.

ಅವಸರದ ಲೆಕ್ಕ ತೊಟ್ಟಿಯ ಅಳತೆಯಿಂದ ಆರಂಭವಾಗುತ್ತದೆ. 200 ಲೀಟರಿಗೆ 7 ಯೂನಿಟ್, ಅದರ ಮುಕ್ಕಾಲು ಭಾಗ ಉಳಿತಾಯ, ದಿನಕ್ಕೆ 5.25 ಯೂನಿಟ್, ವರ್ಷಕ್ಕೆ ಸುಮಾರು 1,916 ಯೂನಿಟ್. ಯೂನಿಟ್ಟಿಗೆ 6 ರೂ. ಎಂದು ಹಿಡಿದರೆ ಸುಮಾರು 11,500 ರೂ.

ಎಚ್ಚರಿಕೆಯ ಲೆಕ್ಕ ಬಳಕೆಯಿಂದ ಆರಂಭವಾಗುತ್ತದೆ. ಆ ಮನೆಯವರು ದಿನಕ್ಕೆ ಬಳಸುವುದು 100 ಲೀಟರ್ ಬಿಸಿನೀರು ಮಾತ್ರ ಎಂದಿಟ್ಟುಕೊಳ್ಳೋಣ. ಗೀಸರ್‌ನಲ್ಲಿ ನಷ್ಟವಾಗುವ ಶಾಖ ಅರ್ಧ ಯೂನಿಟ್ ಎಂದರೆ ಅದರ ದಿನದ ಖರ್ಚು 4 ಯೂನಿಟ್. ಹೀಟ್ ಪಂಪಿನ ದೊಡ್ಡ ತೊಟ್ಟಿಯಲ್ಲಿ 0.7 ಯೂನಿಟ್ ಶಾಖ ನಷ್ಟವಾಗುತ್ತದೆ, ವರ್ಷದ ಸರಾಸರಿ ಸಿ.ಓ.ಪಿ. 2.8 ಇರುತ್ತದೆ ಎಂದರೆ ಅದರ ಖರ್ಚು 1.5 ಯೂನಿಟ್. ಉಳಿತಾಯ ದಿನಕ್ಕೆ 2.5 ಯೂನಿಟ್, ವರ್ಷಕ್ಕೆ ಸುಮಾರು 912 ಯೂನಿಟ್, ಸುಮಾರು 5,475 ರೂ. ಶೇಕಡಾವಾರು ನೋಡಿದರೆ 62. ಅದೂ ಬಿಸಿನೀರಿನ ಖರ್ಚಿನಲ್ಲಿ, ಮನೆಯ ಒಟ್ಟು ಬಿಲ್ಲಿನಲ್ಲಲ್ಲ.

ಗೀಸರ್‌ಗಿಂತ ಹೀಟ್ ಪಂಪಿಗೆ 60,000 ರೂ. ಹೆಚ್ಚು ತಗಲುವುದೆಂದು ಭಾವಿಸಿದರೆ, ಮೊದಲ ಲೆಕ್ಕದಲ್ಲಿ ಹೂಡಿಕೆ ಸುಮಾರು 5 ವರ್ಷಗಳಲ್ಲಿ ಹಿಂತಿರುಗುತ್ತದೆ. ಎರಡನೆಯದರಲ್ಲಿ 11 ವರ್ಷ ಬೇಕು. ಯಂತ್ರ ಒಂದೇ, ಮನೆಯೂ ಒಂದೇ. ಐದು ವರ್ಷವೆಂದು ನಂಬಿ ಕೊಂಡ ಗ್ರಾಹಕ ಆರನೆಯ ವರ್ಷದಲ್ಲಿ ಅಂಗಡಿಗೆ ಬಂದು ಕೇಳುವ ಪ್ರಶ್ನೆಗೆ ವ್ಯಾಪಾರಿಯ ಬಳಿ ಉತ್ತರವಿರುವುದಿಲ್ಲ.

ಯಾವುದಕ್ಕೆ ಹೋಲಿಕೆ?

ಇದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಹೀಟ್ ಪಂಪ್ ಇಲ್ಲದಿದ್ದರೆ ಆ ಹೊಸ ಮನೆಯಲ್ಲಿ ಏನಿರುತ್ತಿತ್ತು? ಕರ್ನಾಟಕದಲ್ಲಿ ಇದಕ್ಕೆ ಯಾವಾಗಲೂ ‘ಗೀಸರ್’ ಎಂದು ಉತ್ತರಿಸುವಂತಿಲ್ಲ. ನಿಗದಿತ ಅಳತೆಯ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವೆಂಬ ಆದೇಶ 2007ರಲ್ಲಿಯೇ ಹೊರಟಿತು. ಬೆಂಗಳೂರಿನ ತಾರಸಿಗಳ ಮೇಲೆ ಸಾಲಾಗಿ ಕಾಣುವ ಸೋಲಾರ್ ತೊಟ್ಟಿಗಳೇ ಅಲ್ಲಿನ ರೂಢಿಗೆ ಸಾಕ್ಷಿ.

ಮೇಲಿನ ಮನೆಗೆ ಸೋಲಾರ್ ಇದ್ದು, ಮೋಡ ಕವಿದ 80 ದಿನ ಮಾತ್ರ ವಿದ್ಯುತ್ ಬೇಕಾಗುತ್ತದೆ ಎಂದು ಭಾವಿಸಿದರೆ ವರ್ಷದ ಖರ್ಚು 320 ಯೂನಿಟ್. ಹೀಟ್ ಪಂಪ್ ಮಾತ್ರ ಇದ್ದರೆ ವರ್ಷವಿಡೀ ದಿನಕ್ಕೆ 1.5ರಂತೆ ಸುಮಾರು 548 ಯೂನಿಟ್. ಎಂದರೆ ಉಳಿತಾಯವಿರಲಿ, 228 ಯೂನಿಟ್ ಹೆಚ್ಚೇ ಖರ್ಚಾಗುತ್ತದೆ. ಸೋಲಾರಿನ ಜೊತೆಗೆ ಮೋಡದ ದಿನಗಳಿಗೆ ಮಾತ್ರ ಹೀಟ್ ಪಂಪ್ ಬಳಸಿದರೆ ಉಳಿಯುವುದು 200 ಯೂನಿಟ್. ಅಷ್ಟಕ್ಕಾಗಿ ದುಬಾರಿ ಯಂತ್ರ ಬೇಕೇ ಎಂಬುದು ಪ್ರತ್ಯೇಕ ವಿಚಾರ.

ಬಹುಮಹಡಿ ಕಟ್ಟಡಗಳ ಸ್ಥಿತಿ ಬೇರೆ. ಅಲ್ಲಿ ಎಲ್ಲ ಮನೆಗಳಿಗೂ ಸಾಲುವಷ್ಟು ತಾರಸಿ ಇರುವುದಿಲ್ಲ. ಕೆಳಗಿನ ಮಹಡಿಗಳಿಗೆ ಗೀಸರೇ ಗತಿ ಎಂಬಲ್ಲಿ ಹೀಟ್ ಪಂಪಿನ ಉಳಿತಾಯ ನಿಜವಾದದ್ದು, ದೊಡ್ಡದು. ಆದರೆ ಒಂದೇ ಕೇಂದ್ರದಿಂದ ಎಲ್ಲ ಮನೆಗಳಿಗೆ ಬಿಸಿನೀರು ಹರಿಸುವಾಗ ಕೊಳವೆಗಳಲ್ಲಿ ಕಳೆದುಹೋಗುವ ಶಾಖವನ್ನೂ, ನೀರನ್ನು ಸದಾ ಸುತ್ತಿಸುವ ಪಂಪಿನ ವಿದ್ಯುತ್ತನ್ನೂ ಲೆಕ್ಕಕ್ಕೆ ಸೇರಿಸಬೇಕು. ಕೊಳವೆಗೆ ಶಾಖನಿರೋಧಕ ಹೊದಿಕೆ ಇಲ್ಲದಿದ್ದರೆ ಒಳ್ಳೆಯ ಯಂತ್ರದ ಗಳಿಕೆಯೂ ಗೋಡೆಗಳ ಪಾಲಾಗುತ್ತದೆ.

ಯೂನಿಟ್ ಉಳಿತಾಯವೆಲ್ಲವೂ ರೂಪಾಯಿಯಾಗಿ ಗ್ರಾಹಕನ ಕೈ ಸೇರುವುದಿಲ್ಲ ಎಂಬುದನ್ನೂ ಗಮನಿಸಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿ ಮನೆಯಲ್ಲಿ ನಿಗದಿತ ಮಿತಿಯೊಳಗಿನ ಬಳಕೆಗೆ ಬಿಲ್ ಇರುವುದಿಲ್ಲ. ಆ ಮಿತಿಯೊಳಗೆ ಉಳಿಸಿದ ಯೂನಿಟ್ಟಿನಿಂದ ಮನೆಯವರಿಗೆ ಹಣ ದೊರೆಯದು.

ಅಳೆದು ನೋಡಿದವರ ಅನುಭವ

ಹೊಸ ಮನೆಗಳ ಹೀಟ್ ಪಂಪ್‌ಗಳನ್ನು ವರ್ಷಗಟ್ಟಲೆ ಮೀಟರ್ ಇಟ್ಟು ಅಳೆದ ಅನುಭವ ಜರ್ಮನಿಯಲ್ಲಿದೆ. ಅಲ್ಲಿ ಈ ಯಂತ್ರಗಳು ಬಿಸಿನೀರಿನ ಜೊತೆಗೆ ಚಳಿಗಾಲದಲ್ಲಿ ಮನೆಯನ್ನೂ ಬೆಚ್ಚಗಿಡುತ್ತವೆ. ಫ್ರೈಬರ್ಗ್ ನಗರದ ಫ್ರೌನ್‌ಹೋಫರ್ ಸೌರಶಕ್ತಿ ಸಂಸ್ಥೆ 2005ರಿಂದ 2010ರವರೆಗೆ ನಡೆಸಿದ ಅಧ್ಯಯನದಲ್ಲಿ, ಗಾಳಿಯಿಂದ ಶಾಖ ಪಡೆಯುವ ಯಂತ್ರಗಳ ವಾರ್ಷಿಕ ಸರಾಸರಿ ಸುಮಾರು 2.9 ಹಾಗೂ ನೆಲದಿಂದ ಪಡೆಯುವವುಗಳದು ಸುಮಾರು 3.9 ಎಂದು ಕಂಡುಬಂದಿತು. ಅಳವಡಿಕೆ ಮತ್ತು ಬಳಕೆಯ ರೀತಿಗೆ ತಕ್ಕಂತೆ ಮನೆಯಿಂದ ಮನೆಗೆ ಫಲ ಬದಲಾಯಿತು. ಯುರೋಪಿಯನ್ ಒಕ್ಕೂಟವು 2009ರ ನವೀಕರಿಸಬಹುದಾದ ಇಂಧನ ನಿರ್ದೇಶನದಲ್ಲಿ ಹೀಟ್ ಪಂಪಿನ ಕೊಡುಗೆಯನ್ನು ಲೆಕ್ಕ ಹಾಕಲು ಆಯ್ದುಕೊಂಡದ್ದೂ ವಾರ್ಷಿಕ ಸರಾಸರಿಯನ್ನೇ. 2013ರ ಮಾರ್ಗಸೂಚಿಯಂತೆ ವಿದ್ಯುತ್ತಿನಿಂದ ನಡೆಯುವ ಯಂತ್ರದ ಸರಾಸರಿ 2.5ಕ್ಕಿಂತ ಕಡಿಮೆಯಾದರೆ ಅದು ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ದರಪಟ್ಟಿಯಲ್ಲಿ ಏನಿರಬೇಕು?

ವ್ಯಾಪಾರಿಗಳೂ ಸಣ್ಣ ತಯಾರಕರೂ ತಮ್ಮ ದರಪಟ್ಟಿಯಲ್ಲಿ ಐದು ಸಂಗತಿಗಳನ್ನು ನಮೂದಿಸುವುದು ಲೇಸು: ದಿನದ ಬಿಸಿನೀರಿನ ಬಳಕೆ ಎಷ್ಟು ಲೀಟರ್, ನೀರಿನ ಉಷ್ಣತೆ ಎಷ್ಟರಿಂದ ಎಷ್ಟಕ್ಕೆ ಏರಬೇಕು, ವಾರ್ಷಿಕ ಸರಾಸರಿ ಎಷ್ಟೆಂದು ಹಿಡಿಯಲಾಗಿದೆ, ತೊಟ್ಟಿ ಮತ್ತು ಕೊಳವೆಯ ನಷ್ಟವೆಷ್ಟು, ಹೋಲಿಕೆ ಯಾವ ವ್ಯವಸ್ಥೆಯೊಂದಿಗೆ. ಉಳಿತಾಯವನ್ನು ಒಂದೇ ಅಂಕಿಯಲ್ಲಿ ಹೇಳದೆ ಕನಿಷ್ಠ, ಗರಿಷ್ಠ ಎಂದು ಎರಡು ಅಂಕಿಗಳಲ್ಲಿ ಹೇಳುವುದು ಇನ್ನೂ ಉತ್ತಮ. ಯಂತ್ರಕ್ಕೆ ಪ್ರತ್ಯೇಕ ವಿದ್ಯುತ್ ಮೀಟರ್ ಮತ್ತು ನೀರಿನ ಮೀಟರ್ ಅಳವಡಿಸಿಕೊಟ್ಟರೆ ಒಂದು ವರ್ಷದ ನಂತರ ಅಂದಾಜಿನ ಜಾಗದಲ್ಲಿ ದಾಖಲೆ ಇರುತ್ತದೆ. ಗಾಳಿ ಬೆಚ್ಚಗಿರುವ ಮಧ್ಯಾಹ್ನದ ಹೊತ್ತಿನಲ್ಲಿ ಯಂತ್ರ ನಡೆಯುವಂತೆ ಟೈಮರ್ ಹೊಂದಿಸುವುದು ಖರ್ಚಿಲ್ಲದ ಸುಧಾರಣೆ.

ಐದು ವರ್ಷವೆಂದು ಹೇಳಿ ಒಂದು ಯಂತ್ರ ಮಾರುವುದು ಸುಲಭ. ಹನ್ನೊಂದು ವರ್ಷವಾಗುವ ಕಡೆ ಹನ್ನೊಂದು ಎಂದೇ ಹೇಳಿ, ನಿಜವಾಗಿ ಲಾಭವಿರುವ ಕಟ್ಟಡಕ್ಕೆ ಯಂತ್ರ ಒದಗಿಸುವವನ ಬಳಿಗೆ ಅದೇ ನಿರ್ಮಾಪಕ ಮುಂದಿನ ಕಟ್ಟಡಕ್ಕೂ ಬರುತ್ತಾನೆ.