ಶ್ರೀಮತಿ ಚಿಯಾಂಗ್ ಕೈ ಷೇಕ್

ರಾಜ್ಯವು ಕೆಟ್ಟಾಗ ರಾಜನ ತಪ್ಪಿಗಿಂತ ಮೊದಲು ರಾಣಿಯ ತಪ್ಪನ್ನು ಎಣಿಸುವ ವಾಡಿಕೆ ಎಲ್ಲ ದೇಶಗಳಲ್ಲಿಯೂ ಉಂಟು. ರಣರಂಗದಲ್ಲಿ ದಶರಥನನ್ನು ಕಾಪಾಡಿದ ಕೈಕೇಯಿಯನ್ನು ನಮ್ಮಲ್ಲಿ ಎಷ್ಟು ಮಂದಿ ನೆನೆಯುತ್ತಾರೆ? ಚೀನಾದೇಶದ ಸೇನಾನಾಯಕ ಚಿಯಾಂಗ್ ಕೈ ಷೇಕರ ಪತ್ನಿ ಸೂಂಗ್ ಮೇ ಲಿಂಗರಿಗೂ ಅದೇ ಗತಿಯೊದಗಿತು. ಆಕೆಯ ವಿಷಯದಲ್ಲಿ ತೀರ್ಪು ಹೇಳಹೊರಡುವ ಭಾರತೀಯರು 1942ನೇ ಇಸವಿಯನ್ನು ಮರೆಯಲಾಗದು.

ಆ ವರ್ಷದ ಫೆಬ್ರವರಿಯಲ್ಲಿ, ಸಿಂಗಪುರವು ಜಪಾನೀಯರ ಕೈಸೇರಿದ ದಿನಗಳಲ್ಲಿಯೇ, ಚಿಯಾಂಗ್ ದಂಪತಿಗಳು ನಮ್ಮ ದೇಶದಲ್ಲಿದ್ದರು. ಗಾಂಧೀಜಿಯವರನ್ನು ಕಾಣಲು ಅವರು ವಾರ್ಧಾಕ್ಕೆ ಹೋಗುವುದು ಚರ್ಚಿಲ್ಲರಿಗೆ ಸರಿಬೀಳಲಿಲ್ಲ. ಕಡೆಗೆ ಮಹಾತ್ಮರೇ ಕಲ್ಕತ್ತೆಗೆ ಬಂದರು. 18ನೆಯ ತಾರೀಖು ನಾಲ್ಕು ಗಂಟೆಗೂ ಮಿಕ್ಕು ನಡೆದ ಸಂಭಾಷಣೆಯಲ್ಲಿ ದುಭಾಷಿಯಾಗಿ ಕುಳಿತವರು ಶ್ರೀಮತಿಯವರು. 21ರಂದು ಭಾರತೀಯರಿಗಾಗಿ ರೇಡಿಯೋದಲ್ಲಿ ಬಿತ್ತರಿಸಿದ ಬೀಳ್ಕೊಡುಗೆಯ ಸಂದೇಶವು ಪತಿಯದು. ಅದನ್ನು ಇಂಗ್ಲಿಷಿನಲ್ಲಿ ಓದಿದ ಕಂಠವು ಪತ್ನಿಯದು. ಭಾರತೀಯರು ಕೇಳುವವರೆಗೆ ಕಾಯದೆ ನಿಜವಾದ ರಾಜಕೀಯಾಧಿಕಾರವನ್ನು ಬ್ರಿಟನ್ನು ಶೀಘ್ರವಾಗಿ ಅವರಿಗೆ ಕೊಡಬೇಕೆಂಬ ಮಾತು ಬ್ರಿಟನ್ನಿನ ಮಿತ್ರರಾಷ್ಟ್ರದ ಬಾಯಿಂದಲೇ ಅಂದು ಹೊರಟಿತು. ಆರು ತಿಂಗಳೊಳಗೆ ನಮ್ಮ ನಾಯಕರೆಲ್ಲರೂ ಸೆರೆಮನೆಯಲ್ಲಿದ್ದರೆಂಬುದನ್ನು ನೆನೆದರೆ ಆ ಮಾತಿನ ಬೆಲೆ ತಿಳಿದೀತು.

ಆಕೆಯ ಇಂಗ್ಲಿಷು ಅಮೇರಿಕದಲ್ಲಿ ಕಲಿತುದು. ಷಾಂಘಾಯಿಯ ಧನಿಕ ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಹಡಗು ಹತ್ತಿ ಹೋಗಿ, 1917ರಲ್ಲಿ ವೆಲ್ಸ್‌ಲಿ ಕಾಲೇಜಿನ ಪದವಿಯೊಡನೆ ಹಿಂದಿರುಗಿದರು. ಚಿಯಾಂಗರೊಡನೆ ವಿವಾಹವಾದುದು 1927ರ ಡಿಸೆಂಬರಿನಲ್ಲಿ. 1936ರಲ್ಲಿ ಷಿಯಾನ್ ಪಟ್ಟಣದಲ್ಲಿ ಸ್ವಂತ ಸೇನಾನಿಗಳೇ ಚಿಯಾಂಗರನ್ನು ಸೆರೆಹಿಡಿದಾಗ, ಆ ಊರಿನ ಮೇಲೆ ಬಾಂಬು ಹಾಕಬೇಕೆಂದು ರಾಜಧಾನಿಯಲ್ಲಿ ಕೆಲವರು ಹಟಹಿಡಿದರು. ಈಕೆ ಅದನ್ನು ವಿರೋಧಿಸಿ, ವಿಮಾನವೇರಿ ತಾವೇ ಅಲ್ಲಿಗೆ ಹೋದರು. ಮೂರು ದಿನಗಳಲ್ಲಿ ಪತಿಗೆ ಬಿಡುಗಡೆಯಾಯಿತು. ಜಪಾನಿನೊಡನೆ ಯುದ್ಧವು ಹತ್ತಿದ ಮೇಲೆ ವಿಮಾನದಳದ ವ್ಯವಸ್ಥೆ, ಅನಾಥ ಮಕ್ಕಳ ಪೋಷಣೆ, ಇವೆಲ್ಲವೂ ಆಕೆಯ ಹೆಗಲ ಮೇಲಿದ್ದವು.

ಇಷ್ಟನ್ನು ಒಪ್ಪಿದ ಬಳಿಕ ಇನ್ನೊಂದು ಸಂಗತಿಯನ್ನೂ ಹೇಳದೆ ವಿಧಿಯಿಲ್ಲ. 1943ರ ಫೆಬ್ರವರಿ 18ರಂದು ಅಮೇರಿಕದ ಕಾಂಗ್ರೆಸ್ಸಿನಲ್ಲಿ ಆಕೆ ಮಾಡಿದ ಭಾಷಣವು ಆ ದೇಶವನ್ನೇ ಮೋಹಗೊಳಿಸಿತು. ಚೀನೀಯರ ಪ್ರವೇಶವನ್ನು ತಡೆದಿದ್ದ ಹಳೆಯ ಕಾಯಿದೆಯು ಆ ವರ್ಷಾಂತ್ಯಕ್ಕೆ ರದ್ದಾಯಿತು. ಶ್ವೇತಭವನದಲ್ಲಿ ಆಕೆ ತಂದಿದ್ದ ರೇಷ್ಮೆಯ ಹಾಸುಗಳ ಮಾತು ಊರೂರಿಗೂ ಹರಡಿತು. ಅದು ಸಣ್ಣ ಮಾತು, ಬಿಡೋಣ. ಆದರೆ ಅದೇ ಕಾಲದಲ್ಲಿ ಹೊನಾನ್ ಪ್ರಾಂತದಲ್ಲಿ ಕ್ಷಾಮವು ಲಕ್ಷಗಟ್ಟಲೆ ಜನರನ್ನು ನುಂಗುತ್ತಿತ್ತು. ಸೈನ್ಯದ ಹೆಸರಿನಲ್ಲಿ ಧಾನ್ಯದ ಕಂದಾಯವು ರೈತನ ಮನೆಯಿಂದ ಎತ್ತುವಳಿಯಾಗುತ್ತಲೇ ಇದ್ದಿತು. ಇದನ್ನು ಕಣ್ಣಾರೆ ಕಂಡು ‘ಟೈಮ್’ ಪತ್ರಿಕೆಗೆ ಬರೆದ ಬಾತ್ಮೀದಾರ ಥಿಯೋಡರ್ ವೈಟನನ್ನು ಕೆಲಸದಿಂದ ತೆಗೆಯಬೇಕೆಂದು ಶ್ರೀಮತಿಯವರು ಪತ್ರಿಕೆಯ ಒಡೆಯ ಲೂಸರನ್ನು ಕೇಳಿದರೆಂದು ವೈಟನೇ ಮುಂದೆ ಬರೆದನು. ಲೂಸರು ತೆಗೆಯಲಿಲ್ಲ. ಪತ್ರಿಕಾವ್ಯವಸಾಯದಲ್ಲಿ ತಲೆ ನರೆಸಿದ ನಮಗೆ ರೇಷ್ಮೆಯ ಹಾಸಿಗಿಂತ ಈ ಅಪರಾಧವು ಬಹುಪಾಲು ದೊಡ್ಡದು. ಕಲ್ಕತ್ತೆಯಲ್ಲಿ ಪರರಾಷ್ಟ್ರದ ಪ್ರಜೆಗಳ ಅಧಿಕಾರವನ್ನು ಕುರಿತು ಓದಿದ ಕಂಠವು ಸ್ವದೇಶದ ರೈತನ ಹಸಿವಿನ ಸುದ್ದಿಯನ್ನು ಅಡಗಿಸಹೊರಟಿತು.

ಮುಂದಿನದು ಬೇಗ ಹೇಳಿ ಮುಗಿಸುವ ಕಥೆ. 1948ರ ಕೊನೆಯಲ್ಲಿ ನೆರವು ಬೇಡಲು ಮತ್ತೆ ಅಮೇರಿಕಕ್ಕೆ ಹೋದಾಗ ಟ್ರೂಮನ್ನರು ಬರಿಗೈಯಲ್ಲಿ ಕಳುಹಿಸಿದರು. ಚೀನಾ ಕೈಬಿಟ್ಟುಹೋಯಿತು, ದಂಪತಿಗಳು ಫಾರ್ಮೋಸಾ ದ್ವೀಪವನ್ನು ಸೇರಿದರು. ಅಲ್ಲಿಯ ಸೈನಿಕಶಾಸನವು 1949ರಿಂದ 1987ರವರೆಗೆ ನಡೆಯಿತು. ವಿರೋಧಿಗಳಿಗೆ ಕಾದಿದ್ದುದು ಸೆರೆಮನೆ, ಮರಣದಂಡನೆ. 1975ರಲ್ಲಿ ಪತಿಯು ತೀರಿಕೊಂಡ ಮೇಲೆ ಶ್ರೀಮತಿಯವರು ಅಮೇರಿಕಕ್ಕೇ ಹೋಗಿ ನೆಲೆಸಿದರು.

ಅಕ್ಕ ಚಿಂಗ್ ಲಿಂಗ್, ಸನ್ ಯಾತ್ ಸೇನರ ವಿಧವೆ, ಕಮ್ಯೂನಿಸ್ಟರ ಪಕ್ಷದಲ್ಲಿಯೇ ನಿಂತು ಪೀಕಿಂಗಿನಲ್ಲಿ 1981ರಲ್ಲಿ ಮಡಿದರು. 1949ರ ಬಳಿಕ ಅಕ್ಕತಂಗಿಯರು ಪರಸ್ಪರ ಮುಖ ನೋಡಲಿಲ್ಲ. ತಂಗಿಯು ನೂರು ವರ್ಷ ದಾಟಿ 2003ರ ಅಕ್ಟೋಬರ್ 23ರಂದು ನ್ಯೂಯಾರ್ಕಿನಲ್ಲಿ ಕಣ್ಮುಚ್ಚಿದರು. ಎಂದಾದರೂ ತಾಯ್ನೆಲಕ್ಕೆ ಒಯ್ಯಬಹುದೆಂಬ ಆಸೆಯಿಂದ ಚಿಯಾಂಗರ ದೇಹವನ್ನು ಫಾರ್ಮೋಸಾದಲ್ಲಿ ನೆಲಕ್ಕಿಳಿಸದೆ ಇರಿಸಿದ್ದರು. ಶ್ರೀಮತಿಯವರ ಸಮಾಧಿಯು ನ್ಯೂಯಾರ್ಕಿನ ಹೊರವಲಯದ ಶ್ಮಶಾನವೊಂದರಲ್ಲಿದೆ.